ಅಪ್ಪನ ಬದುಕನ್ನು ಬರೆದಿಡುವುದು ಹೇಗೆ: ಒಂದು ಟ್ರಂಕು, ಒಂದು ಉಳಿಪೆಟ್ಟಿಗೆ

"ನಮ್ಮಪ್ಪ ತುಂಬ ಒಳ್ಳೆಯವರು, ಶಿಸ್ತಿನ ಮನುಷ್ಯ, ಕಷ್ಟಜೀವಿ."

ಅಪ್ಪನ ಬಗ್ಗೆ ಬರೆಯಲು ಕೂತ ದಿನ ನಾನು ಮೊದಲು ಬರೆದ ಸಾಲು ಇದು. ಓದಿ ನೋಡಿದೆ. ಸುಳ್ಳೇನೂ ಇರಲಿಲ್ಲ, ಆದರೆ ಯಾರ ಅಪ್ಪನ ಹೆಸರು ಹಾಕಿದರೂ ಸರಿಹೋಗುತ್ತಿತ್ತು. ಹರಿದು ಹಾಕಿದೆ. ಆಮೇಲೆ ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ.

ನಮ್ಮಪ್ಪ ಮೊದಲು ಸೈನಿಕ, ಅಲ್ಲಿಂದ ಬಂದಮೇಲೆ ಬಡಗಿ. ಬಿಟ್ಟು ಹೋದದ್ದು ಒಂದು ಕಬ್ಬಿಣದ ಟ್ರಂಕು, ಒಂದು ಮರದ ಉಳಿಪೆಟ್ಟಿಗೆ. ಇಂಥ ಅಪ್ಪಂದಿರು ಮಾತಿನಲ್ಲಿ ಜಿಪುಣರು. ಸೈನ್ಯದ ವಿಷಯ ಕೇಳಿದರೆ "ಏನಿರುತ್ತೆ, ಕೆಲಸ" ಅನ್ನುತ್ತಾರೆ, ಕೆಲಸದ ವಿಷಯ ಕೇಳಿದರೆ ಎದ್ದು ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಅವರು ಹೋದಮೇಲೆ ನಮ್ಮ ಕೈಯಲ್ಲಿ ಉಳಿಯುವುದು ವಸ್ತುಗಳು, ಬೇರೆಯವರ ಮಾತುಗಳು, ಮತ್ತು ನಮ್ಮ ಅರೆಬರೆ ನೆನಪು. ಇವಿಷ್ಟನ್ನೇ ಇಟ್ಟುಕೊಂಡು ಬರೆಯುವುದು ಹೇಗೆ ಅಂತ ನಾನು ತಪ್ಪು ಮಾಡಿ ಮಾಡಿಯೇ ಕಲಿತೆ. ಅಪ್ಪ ಎಂಥವರು ಅಂತ ಬರೆಯಲು ಹೋಗಬೇಡಿ. ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಅಂತ ಬರೆಯಿರಿ. ಎಂಥವರು ಅನ್ನುವುದನ್ನು ಓದುವವರೇ ತಿಳಿದುಕೊಳ್ಳುತ್ತಾರೆ.

ಮೊದಲ ಕೆಲಸ: ಏನನ್ನೂ ಒರೆಸಬೇಡಿ

ದುಃಖದಲ್ಲಿರುವಾಗ ಕೈ ಸುಮ್ನೆ ಇರುವುದಿಲ್ಲ. ಪೆಟ್ಟಿಗೆ ತೆಗೆದು ಎಲ್ಲವನ್ನೂ ತೊಳೆದು, ಉಜ್ಜಿ, ಹೊಳೆಯುವಂತೆ ಮಾಡಬೇಕು ಅನ್ನಿಸುತ್ತದೆ. ನಾನೂ ಮಾಡಿದೆ. ಅಪ್ಪನ ದೊಡ್ಡ ಗರಗಸದ ಹಿಡಿ ಕಪ್ಪಗಾಗಿತ್ತು, ಒಂದು ಕಡೆ ಹೆಬ್ಬೆರಳು ಕೂತು ಕೂತು ಸಣ್ಣ ಗುಳಿ ಬಿದ್ದಿತ್ತು. ಉಪ್ಪುಕಾಗದ ತಂದು ಒಂದು ಮಧ್ಯಾಹ್ನ ಪೂರ್ತಿ ಉಜ್ಜಿ ನುಣ್ಣಗೆ ಮಾಡಿದೆ, ಮೇಲೆ ವಾರ್ನಿಷ್ ಬೇರೆ ಹೊಡೆದೆ. ಚೆಂದ ಕಂಡಿತು. ಮೂವತ್ತು ವರ್ಷ ಅಪ್ಪನ ಕೈ ಬರೆದದ್ದನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿದ್ದೆ ಅಂತ ಅರ್ಥವಾದದ್ದು ಆಮೇಲೆ.

ಆದ್ದರಿಂದ ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಪೆಟ್ಟಿಗೆ ಮುಚ್ಚಿದ್ದು, ತೆರೆದದ್ದು, ಯಾವ ಉಪಕರಣ ಎಲ್ಲಿತ್ತು ಅನ್ನುವುದು, ಎಲ್ಲವೂ. ಒಬ್ಬ ಬಡಗಿ ತನ್ನ ಪೆಟ್ಟಿಗೆಯಲ್ಲಿ ಯಾವುದನ್ನು ಮೇಲಿಡುತ್ತಾನೆ ಅನ್ನುವುದರಲ್ಲೇ ಅವನ ದಿನ ಹೇಗೆ ಶುರುವಾಗುತ್ತಿತ್ತು ಅಂತ ಗೊತ್ತಾಗುತ್ತದೆ. ನಮ್ಮಪ್ಪನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಸಾಣೆಕಲ್ಲು, ಅದರ ಪಕ್ಕದಲ್ಲಿ ಮೂಲೆಮಟ್ಟ. ಸುತ್ತಿಗೆ ಎಲ್ಲೋ ತಳದಲ್ಲಿ. ನನ್ನ ಬರಹದ ಮೊದಲ ಪುಟಕ್ಕೆ ಇಷ್ಟೇ ಸಾಕಾಯಿತು.

ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತೆಳ್ಳಗೆ ಮಶಿನ್ ಎಣ್ಣೆ ಸವರಿದರೆ ಸಾಕು. ಒಣಗಿದ ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚಬಹುದು, ಸವೆದ ಗುರುತು ಹಾಗೇ ಉಳಿಯುತ್ತದೆ. ಆದರೆ ಎಚ್ಚರ. ಅಗಸೆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿಯಾಗುತ್ತದೆ. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ, ಬೆಂಕಿಕಡ್ಡಿ ಇಲ್ಲದೆಯೇ ಬಟ್ಟೆ ಹತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಅಗಲವಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ.

ಪದಕಗಳ ವಿಷಯದಲ್ಲೂ ಇದೇ ಮಾತು. ಪಾಲಿಶ್ ಹಾಕಿ ಉಜ್ಜಬೇಡಿ. ಪ್ರತಿ ಸಲ ಉಜ್ಜಿದಾಗಲೂ ಒಂದಿಷ್ಟು ಲೋಹ ಹೋಗುತ್ತದೆ. ಅನೇಕ ದೇಶಗಳ ಪದಕಗಳಲ್ಲಿ ಸೈನಿಕನ ನಂಬರು, ದರ್ಜೆ, ಹೆಸರನ್ನು ಅಂಚಿನ ಮೇಲೆ ಕೆತ್ತಿರುತ್ತಾರೆ. ಎಷ್ಟೋ ಮಕ್ಕಳು ಮುಂದೆ ಹಿಂದೆ ನೋಡಿ ಪೆಟ್ಟಿಗೆಗೆ ಹಾಕಿಬಿಡುತ್ತಾರೆ, ಅಂಚು ನೋಡುವುದೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿ. ಉಜ್ಜಿದರೆ ಆ ಅಕ್ಷರಗಳೂ ಸವೆಯುತ್ತವೆ. ರಿಬ್ಬನ್‌ಗೆ ಬಿಸಿಲು ಆಗದು, ಬಣ್ಣ ಹೋಗುತ್ತದೆ. ಚೌಕಟ್ಟು ಹಾಕಿಸುವುದಾದರೆ ಕಿಟಕಿಯ ಎದುರು ನೇತುಹಾಕಬೇಡಿ.

ಇನ್ನೊಂದು ಮಾತು, ನಗಬೇಡಿ. ಟ್ರಂಕಿನ ತಳದಲ್ಲಿ ಹಳೆಯ ಗುಂಡು, ಗ್ರೆನೇಡಿನಂಥದ್ದು ಸಿಕ್ಕರೆ ಮುಟ್ಟಬೇಡಿ, ಅಲುಗಿಸಬೇಡಿ. ನೆನಪಿಗೆ ಅಂತ ತಂದಿಟ್ಟಿರುತ್ತಾರೆ, ಖಾಲಿ ಅಂತ ನಾವು ಅಂದುಕೊಂಡಿರುತ್ತೇವೆ. ಎಷ್ಟು ಹಳೆಯದಾದರೂ ಅದು ಸಿಡಿಯಬಹುದು. ಎಲ್ಲರನ್ನೂ ದೂರ ಕಳಿಸಿ ಪೊಲೀಸರಿಗೆ ಫೋನ್ ಮಾಡಿ.

ಕಾಗದ, ಫೋಟೋ, ಧ್ವನಿ

ಅಪ್ಪ ಸೈನ್ಯ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಪತ್ರವನ್ನು ಲ್ಯಾಮಿನೇಟ್ ಮಾಡಿಸಿದ್ದು ನನ್ನ ಎರಡನೇ ತಪ್ಪು. ಭದ್ರವಾಗಿರಲಿ ಅಂತ ಮಾಡಿಸಿದೆ. ಬಿಸಿ ಮಾಡಿ ಒತ್ತಿದ ಆ ಪ್ಲಾಸ್ಟಿಕ್ಕನ್ನು ಆಮೇಲೆ ಕಾಗದ ಹರಿಯದಂತೆ ಬಿಡಿಸಲು ಆಗುವುದೇ ಇಲ್ಲ ಅನ್ನಬೇಕು. ಬೇಡವೇ ಬೇಡ. ಆಮ್ಲ ಇಲ್ಲದ ಕಾಗದದ ಫೋಲ್ಡರ್ ಸಿಕ್ಕರೆ ಅದರಲ್ಲಿಡಿ, ಇಲ್ಲದಿದ್ದರೆ ಒಳ್ಳೆಯ ಬಿಳಿ ಕಾಗದದ ಮಧ್ಯೆ ಮಡಚದೆ ಇಡಿ. ಪಿನ್ನು, ರಬ್ಬರ್ ಬ್ಯಾಂಡು, ಸೆಲ್ಲೋಟೇಪು ತೆಗೆಯಿರಿ. ಟೇಪು ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ. ಪತ್ರಿಕೆಯ ತುಣುಕು ಹಳದಿಯಾಗಿ ಪುಡಿಯಾಗುತ್ತದೆ, ಒಳ್ಳೆಯ ಕಾಗದಕ್ಕೆ ಜೆರಾಕ್ಸ್ ತೆಗೆದಿಡಿ. ಅಂಗಡಿಯ ರಸೀದಿಯಂಥ ನುಣುಪು ಕಾಗದ ಇದ್ದರೆ ಇವತ್ತೇ ನಕಲು ಮಾಡಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಅಕ್ಷರ ತಾನಾಗಿ ಮಾಯವಾಗುತ್ತದೆ.

ಸರ್ಕಾರದ ಹತ್ತಿರ ಎಲ್ಲ ದಾಖಲೆ ಇರುತ್ತದಲ್ಲ, ನಾವ್ಯಾಕೆ ಇಡಬೇಕು ಅಂತ ಅನ್ನಿಸಬಹುದು. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್ ಬಳಿ ಇದ್ದ ಸೈನಿಕ ದಾಖಲೆಗಳ ಕೇಂದ್ರಕ್ಕೆ ಬೆಂಕಿ ಬಿತ್ತು. ಸುಮಾರು 1.6 ರಿಂದ 1.8 ಕೋಟಿ ಸೈನಿಕರ ಕಡತ ಸುಟ್ಟುಹೋಯಿತು. ಅವುಗಳಿಗೆ ಇನ್ನೊಂದು ಪ್ರತಿಯೂ ಇರಲಿಲ್ಲ, ಮೈಕ್ರೋಫಿಲ್ಮೂ ಇರಲಿಲ್ಲ. ಲಂಡನ್ನಿನಲ್ಲಿ 1940ರ ಸೆಪ್ಟೆಂಬರಿನ ಬಾಂಬ್ ದಾಳಿಗೆ ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ದಾಖಲೆಗಳಲ್ಲಿ ಹೆಚ್ಚುಕಮ್ಮಿ ನೂರಕ್ಕೆ 60 ನಾಶವಾದವು. ಉಳಿದ ಸುಟ್ಟಂಚಿನ ಹಾಳೆಗಳಿಗೆ ಅಲ್ಲಿಯವರು "ಸುಟ್ಟ ಕಾಗದಗಳು" ಅಂತಲೇ ಹೆಸರಿಟ್ಟಿದ್ದಾರೆ. ಸೇಂಟ್ ಲೂಯಿಸ್‌ನಲ್ಲಿ ಆಮೇಲೆ ಒಬ್ಬೊಬ್ಬ ಸೈನಿಕನ ಸೇವೆಯನ್ನು ಮತ್ತೆ ಜೋಡಿಸಿದ್ದು ಸಂಬಳದ ಚೀಟಿಯಂಥ ಬೇರೆ ಕಾಗದಗಳಿಂದ. ಅಂದರೆ ನೀವು ಎಸೆಯಬೇಕು ಅಂತ ತೆಗೆದಿಟ್ಟ ಪಿಂಚಣಿ ಚೀಟಿ, ರಜೆಯ ಪಾಸು, ಸೈನ್ಯದ ಖರ್ಚಿನಲ್ಲಿ ಪ್ರಯಾಣಿಸಲು ಕೊಟ್ಟ ರೈಲಿನ ವಾರಂಟು, ಇವೇ ನಾಳೆ ಸಾಕ್ಷಿ.

ಸೈನ್ಯದ ಕಾಗದಗಳಲ್ಲಿ ಮೊದಲು ಹುಡುಕಬೇಕಾದದ್ದು ಸೇವಾ ಸಂಖ್ಯೆ. ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಹುಟ್ಟಿದ ದಿನಾಂಕವೂ ಅಷ್ಟೇ, ಸೇರುವಾಗ ವಯಸ್ಸು ಒಂದೆರಡು ವರ್ಷ ಹೆಚ್ಚು ಹೇಳಿದವರು ಎಲ್ಲ ದೇಶದಲ್ಲೂ ಇದ್ದಾರೆ. ಸಂಖ್ಯೆ ಒಂದು ಗೊತ್ತಿದ್ದರೆ ದಾಖಲೆ ಕೇಳಿ ಬರೆಯುವ ಪತ್ರಕ್ಕೆ ಬೆಲೆ ಬರುತ್ತದೆ. ಅದರ ಜೊತೆ ಯಾವ ದಳ, ಯಾವಾಗ ಸೇರಿದ್ದು, ಯಾವಾಗ ಬಿಟ್ಟದ್ದು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆದರೆ ಆ ಹಾಳೆಯನ್ನು ಎಲ್ಲರೂ ನೋಡುವ ಕಡೆ ಹಾಕಬೇಡಿ. ಸತ್ತವರ ಗುರುತಿನ ಸಂಖ್ಯೆ, ಹುಟ್ಟಿದ ದಿನಾಂಕ ಇಟ್ಟುಕೊಂಡು ಮೋಸ ಮಾಡುವವರಿದ್ದಾರೆ.

ಫೋಟೋಗಳಿಗೆ ಫ್ಲ್ಯಾಶ್ ಹೊಡೆಯಬೇಡಿ, ನೆರಳಿನಲ್ಲಿ ಬೆಳಕು ಸಮನಾಗಿ ಬೀಳುವ ಕಡೆ ಇಟ್ಟು ತೆಗೆಯಿರಿ. ಸ್ಕ್ಯಾನರ್ ಸಿಕ್ಕರೆ ಇನ್ನೂ ಒಳ್ಳೆಯದು. ಎರಡಿಂಚು ಮೂರಿಂಚಿನ ಹಳೆಯ ಫೋಟೋವನ್ನು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ 1200 ಮತ್ತು 1800 ಪಿಕ್ಸೆಲ್ ಬರುತ್ತದೆ, ಅದನ್ನು ನಾಲ್ಕು ಆರಿಂಚಿಗೆ ಹಿಗ್ಗಿಸಿದರೂ ಮುಖ ಸ್ಪಷ್ಟವಾಗಿರುತ್ತದೆ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋದ ಮುದ್ರೆ, ಯಾರದ್ದೋ ಕೈಬರಹ ಅಲ್ಲೇ ಇರುತ್ತದೆ. ನೀವು ಹೆಸರು ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಹಗುರವಾಗಿ, ಅಂಚಿನಲ್ಲಿ. ಬಾಲ್‌ಪೆನ್ನು ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಮೂಡುತ್ತದೆ. ಅಂಟು ಹಾಳೆಯ ಆಲ್ಬಮ್ಮಿಗೆ ಫೋಟೋ ಅಂಟಿಕೊಂಡಿದ್ದರೆ ಉಗುರಿನಿಂದ ಕೀಳಬೇಡಿ, ಹಲ್ಲಿನ ಸಂದಿಗೆ ಬಳಸುವ ದಾರವನ್ನು ಹಿಂದೆ ತೂರಿಸಿ ನಿಧಾನವಾಗಿ ಗರಗಸದಂತೆ ಆಡಿಸಿ. ಬರದಿದ್ದರೆ ಹಾಗೇ ಬಿಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಮತ್ತೆ, ಬಂಧುಗಳಿಂದ ಫೋಟೋ ತರಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ.

ಧ್ವನಿ ಇದ್ದರೆ ನೀವು ಪುಣ್ಯವಂತರು. ಹಳೆಯ ಕ್ಯಾಸೆಟ್ ಆದರೆ ಹಾಕುವ ಮೊದಲು ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ. ಆಗ ಯಾರಾದರೂ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಪ್ಪನ ದನಿಯ ಮೇಲೆ ಬೇರೆ ಏನೂ ಕೂರುವುದಿಲ್ಲ. ಫೋನಿನ ವಾಯ್ಸ್ ಮೆಸೇಜುಗಳನ್ನು ಇವತ್ತೇ ಬೇರೆ ಕಡೆ ನಕಲು ಮಾಡಿ. "ಎಲ್ಲಿದ್ದೀಯ, ಊಟ ಆಯ್ತಾ" ಅನ್ನುವ ಆರು ಸೆಕೆಂಡಿನದ್ದೂ ಬೇಕು. ನನ್ನ ಹತ್ತಿರ ಇರುವುದು ಅಂಥದ್ದು ನಾಲ್ಕೇ.

ಎಲ್ಲದಕ್ಕೂ ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಥರದ ಕಡೆ, ಉದಾಹರಣೆಗೆ ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲಿ. ಒಂದಂತೂ ಬೇರೆ ಮನೆಯಲ್ಲಿರಲಿ.

ಯಾರನ್ನು ಕೇಳುವುದು, ಏನು ಕೇಳುವುದು

ಅಪ್ಪ ಇನ್ನೂ ಇದ್ದರೆ ಇದನ್ನು ಓದುವುದು ಇಲ್ಲಿಗೇ ನಿಲ್ಲಿಸಿ, ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ನಿಜವಾಗಿ.

"ನಿಮ್ಮ ಜೀವನದ ಬಗ್ಗೆ ಹೇಳಿ" ಅಂತ ಮಾತ್ರ ಕೇಳಬೇಡಿ. ಅದಕ್ಕೆ ಯಾರ ಹತ್ತಿರವೂ ಉತ್ತರವಿಲ್ಲ. ಕೈಯಲ್ಲಿ ಒಂದು ವಸ್ತು ಕೊಟ್ಟು ಕೇಳಿ. ಈ ಉಳಿ ಯಾರು ಕೊಟ್ಟದ್ದು? ಮರ ನುಣುಪು ಮಾಡುವ ಈ ಹತ್ತರಿಯ ಅಲಗನ್ನು ಎಷ್ಟು ಹೊರಗೆ ಬಿಡಬೇಕು, ತೋರಿಸಿ. ಈ ಫೋಟೋದಲ್ಲಿ ನಿಮ್ಮ ಪಕ್ಕ ಇರುವವರ ಅಡ್ಡಹೆಸರು ಏನಿತ್ತು? ಕಾವಲಿನ ರಾತ್ರಿ ನಿದ್ದೆ ಬರದಂತೆ ಏನು ಮಾಡುತ್ತಿದ್ದಿರಿ? ಮೊದಲ ಸಂಬಳದಲ್ಲಿ ಏನು ಕೊಂಡಿರಿ? ಯಾವ ಕೆಲಸ ಕೆಟ್ಟುಹೋಗಿ ಬಿಚ್ಚಿ ಮತ್ತೆ ಮಾಡಿದಿರಿ? ಕೊನೆಯ ಪ್ರಶ್ನೆ ನನ್ನ ಮೆಚ್ಚಿನದು. ಗೆದ್ದ ಕಥೆ ಹೇಳಲು ನಾಚುವ ಬಡಗಿ ಕೂಡ ಕೆಟ್ಟ ಕದದ ಕಥೆಯನ್ನು ಅರ್ಧ ಗಂಟೆ ಹೇಳುತ್ತಾನೆ.

ಫೋನಿನಲ್ಲಿ ರೆಕಾರ್ಡ್ ಹಾಕಿ ಅದನ್ನು ಮರೆತುಬಿಡಿ, ಆದರೆ ಹಾಕಿದ್ದೇನೆ ಅಂತ ಅವರಿಗೆ ಹೇಳಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾಜಿ ಸೈನಿಕರ ನೆನಪುಗಳನ್ನು ಕೂಡಿಡುವ ಒಂದು ಯೋಜನೆ ನಡೆಸುತ್ತಿದೆ, 2000ದಲ್ಲಿ ಶುರುವಾದದ್ದು. ಅಲ್ಲಿಗೆ ಕೊಡುವ ಮಾತುಕತೆ ಕಡಿಮೆ ಅಂದರೆ 30 ನಿಮಿಷ ಇರಬೇಕು. ಒಳ್ಳೆಯ ನಿಯಮ ಅದು. ಮೊದಲ ಹತ್ತು ನಿಮಿಷ ಎಲ್ಲರೂ ಗೊತ್ತಿರುವ ಕಥೆಯನ್ನೇ ಹೇಳುತ್ತಾರೆ.

ವಯಸ್ಸಾದವರು ಹತ್ತರಿಂದ ಮೂವತ್ತರ ವಯಸ್ಸಿನ ಮಾತನ್ನೇ ಜಾಸ್ತಿ ಆಡುವುದನ್ನು ನೀವೂ ಗಮನಿಸಿರುತ್ತೀರಿ. ನೆನಪಿನ ಬಗ್ಗೆ ಅಧ್ಯಯನ ಮಾಡುವವರೂ ಇದನ್ನೇ ಹೇಳುತ್ತಾರೆ, ಬದುಕಿನ ಆ ಭಾಗದ ನೆನಪು ಉಳಿದದ್ದಕ್ಕಿಂತ ದಟ್ಟವಾಗಿರುತ್ತದೆ. ಹಾಗಾಗಿ ಸೈನ್ಯದ ತರಬೇತಿಯ ದಿನಗಳು ಅಪ್ಪನ ಬಾಯಿಂದಲೇ ಬರುತ್ತವೆ, ಆದರೆ ಆಮೇಲಿನ ಮೂವತ್ತು ವರ್ಷದ ಕೆಲಸ ಬೇರೆಯವರಿಂದ ಬರಬೇಕು. ಅವರ ಜೊತೆ ಕೆಲಸ ಮಾಡಿದವರನ್ನು, ಅವರ ಕೈಕೆಳಗೆ ಕಲಿತ ಹುಡುಗರನ್ನು ಹುಡುಕಿ. ಹುಡುಗರು ಅಂದೆ, ಅವರಿಗೂ ಈಗ ಐವತ್ತಾಗಿರುತ್ತದೆ. ಅಪ್ಪ ಮಾಡಿದ ಬಾಗಿಲು, ಮೇಜು ಯಾರ ಮನೆಯಲ್ಲಿದೆಯೋ ಅವರನ್ನೂ ಕೇಳಿ. ಅದರ ಹಿಂಬದಿಯ, ಒಳಬದಿಯ ಫೋಟೋ ತೆಗೆಯಿರಿ. ಯಾರೂ ನೋಡದ ಕಡೆ ಎಷ್ಟು ನೀಟಾಗಿ ಹತ್ತರಿ ಹೊಡೆದಿದ್ದಾರೆ ಅನ್ನುವುದನ್ನು "ಪ್ರಾಮಾಣಿಕರು" ಅನ್ನುವ ಪದದ ಬದಲು ಬರೆಯಬಹುದು. ಅವರಿಂದ ಕಲಿತ ಒಬ್ಬರು ಅವರದೇ ಥರ ಒಂದು ಜಾಯಿಂಟು ಮಾಡುವುದನ್ನು ವಿಡಿಯೋ ಮಾಡಿಕೊಳ್ಳಿ. ಕೈಗಳು ಮಾತ್ರ ಕಾಣಲಿ.

ಇಬ್ಬರು ಒಂದೇ ಘಟನೆಯನ್ನು ಎರಡು ಥರ ಹೇಳಿದರೆ ಜಗಳ ಬೇಡ, ಎರಡನ್ನೂ ಬರೆಯಿರಿ. ಯಾರು ಹೇಳಿದ್ದು ಅಂತಲೂ ಬರೆಯಿರಿ.

ಹೇಳದೆ ಬಿಟ್ಟದ್ದು

ಸೈನಿಕರಾಗಿದ್ದವರ ಬದುಕಿನಲ್ಲಿ ಒಂದು ಬಾಗಿಲು ಮುಚ್ಚಿರುತ್ತದೆ. ನಮ್ಮಪ್ಪ ಕೆಲವು ರಾತ್ರಿ ಎದ್ದು ಹೊರಗೆ ಹೋಗಿ ಕೂರುತ್ತಿದ್ದರು. ಕೇಳಿದರೆ "ಸೆಕೆ" ಅನ್ನುತ್ತಿದ್ದರು, ಚಳಿಗಾಲದಲ್ಲೂ. ಯುದ್ಧದಂಥ ಆಘಾತ ಕಂಡವರ ಮನಸ್ಸಿನಲ್ಲಿ ಉಳಿದು ನಿದ್ದೆಯನ್ನೂ ಕೆಡಿಸುವ ಬೇನೆಗೆ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ. ಅದಕ್ಕೂ ಮೊದಲು ಸೈನ್ಯ ಬಿಟ್ಟು ಬಂದವರಿಗೆ ತಮಗೇನಾಗಿದೆ ಅಂತ ಹೇಳಲು ಆ ಪದವೂ ಇರಲಿಲ್ಲ. ಹಾಗಂತ ನಮ್ಮಪ್ಪನಿಗೆ ಅದೇ ಇತ್ತು ಅಂತ ನಾನು ಬರೆಯಲಿಲ್ಲ. ನಾನು ಡಾಕ್ಟರ್ ಅಲ್ಲ. "ಸೆಕೆ ಅನ್ನುತ್ತಿದ್ದರು, ಚಳಿಗಾಲದಲ್ಲೂ" ಅಂತ ಬರೆದೆ. ಅಷ್ಟೇ.

ಆ ಬಾಗಿಲನ್ನು ನಾವು ಒದೆಯಬಾರದು. ಅವರು ಹೇಳದ್ದನ್ನು ಊಹಿಸಿ, ಸಿನಿಮಾ ನೋಡಿದ ನೆನಪಿನಲ್ಲಿ ಗುಂಡಿನ ಸದ್ದು ಸೇರಿಸಿ ಬರೆದರೆ ಅದು ಅಪ್ಪನ ಕಥೆ ಆಗುವುದಿಲ್ಲ. ಅವರು ಅಡುಗೆಮನೆಯಲ್ಲೋ ಗೋದಾಮಿನಲ್ಲೋ ವರ್ಷಗಟ್ಟಲೆ ದುಡಿದಿದ್ದರೆ ಹಾಗೇ ಬರೆಯಿರಿ, ಸೈನ್ಯಕ್ಕೆ ಲಾರಿ ರಿಪೇರಿ ಮಾಡುವವರೂ ಬೇಕು, ಅಲ್ವಾ. ಅಪ್ಪನ ಸಿಟ್ಟು, ಅಪ್ಪನ ಕುಡಿತ, ಅಪ್ಪ ಮಾತು ಬಿಟ್ಟ ತಮ್ಮ, ಇಂಥವನ್ನು ಬರೆಯಬೇಕೋ ಬೇಡವೋ? ನನ್ನ ಲೆಕ್ಕ ಇಷ್ಟು: ಬದುಕಿರುವವರಿಗೆ ನೋವಾಗುವಂಥದ್ದಾದರೆ ಅವರನ್ನು ಕೇಳಿ, ಬೇಡ ಅಂದರೆ ಬಿಡಿ. ಆದರೆ ಅದರ ಬದಲಿಗೆ ಸುಳ್ಳು ತುಂಬಬೇಡಿ. ಖಾಲಿ ಬಿಟ್ಟರೆ ಯಾರಿಗೂ ಮೋಸವಾಗುವುದಿಲ್ಲ.

ಬರೆಯಲು ಕೂತಾಗ

ಹುಟ್ಟಿದ ದಿನಾಂಕದಿಂದ ಶುರು ಮಾಡಬೇಡಿ. ಒಂದು ಕೆಲಸದಿಂದ ಶುರು ಮಾಡಿ. "ಅಪ್ಪ ಉಳಿ ಹರಿತವಾಗಿದೆಯೇ ಅಂತ ಮುಂಗೈ ಕೂದಲ ಮೇಲೆ ಆಡಿಸಿ ನೋಡುತ್ತಿದ್ದರು" ಅಂತ ಒಂದು ಸಾಲು ಬರೆದರೆ ಮುಂದಿನದು ತಾನಾಗಿ ಬರುತ್ತದೆ. ಶೂ ಪಾಲಿಶ್ ಮಾಡುವ ಕ್ರಮ, ಹಾಸಿಗೆ ಮಡಚುವ ರೀತಿ, ಮೊಳೆಯನ್ನು ಬಾಯಲ್ಲಿ ಇಟ್ಟುಕೊಂಡೇ ಮಾತಾಡುವುದು, ಪೆನ್ಸಿಲ್ ಯಾವ ಕಿವಿಯ ಮೇಲೆ. ಸೈನಿಕ ಎಲ್ಲಿ ಮುಗಿದು ಬಡಗಿ ಎಲ್ಲಿ ಶುರುವಾದ ಅನ್ನುವುದು ಇಂಥ ಕಡೆ ಸಿಗುತ್ತದೆ. ನಮ್ಮಪ್ಪ ಸಂಜೆ ಉಪಕರಣಗಳನ್ನು ಎಣಿಸಿ ಪೆಟ್ಟಿಗೆ ಮುಚ್ಚುತ್ತಿದ್ದರು, ಕೋವಿ ಎಣಿಸಿ ಒಳಗಿಟ್ಟ ಹಾಗೆ.

ದಿನಾಂಕಗಳೆಲ್ಲ ಕೊನೆಯಲ್ಲಿ ಒಂದು ಪುಟಕ್ಕೆ ಹಾಕಿ. ಅವರು ಆಡುತ್ತಿದ್ದ ಮಾತನ್ನು ಅವರು ಆಡಿದ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಸಭೆಯಲ್ಲಿ ನಿಂತು ಓದುವುದಿದ್ದರೆ ಐದು ನಿಮಿಷ ಮೀರದಿರಲಿ. ಮನೆಯಲ್ಲಿ ಜೋರಾಗಿ ಓದಿ ಗಡಿಯಾರ ನೋಡಿ, ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ. ಅಕ್ಷರ ದೊಡ್ಡದಿರಲಿ, ಹಾಳೆಯ ಒಂದೇ ಬದಿಯಲ್ಲಿ ಇರಲಿ. ಇನ್ನೊಂದು ಪ್ರತಿ ಬೇರೆಯವರ ಕೈಯಲ್ಲಿರಲಿ, ಗಂಟಲು ಕಟ್ಟಿದರೆ ಅವರು ಮುಂದುವರಿಸುತ್ತಾರೆ. ನನಗೆ ಎರಡನೇ ಸಾಲಿಗೇ ಕಟ್ಟಿತು.

ಪುಸ್ತಕದಂತೆ ಮಾಡಿಸುವುದಾದರೆ ಮೊದಲು ನಾಲ್ಕು ಪ್ರತಿ ತೆಗೆದು ಅಪ್ಪನನ್ನು ಬಲ್ಲ ನಾಲ್ಕು ಜನಕ್ಕೆ ಪೆನ್ಸಿಲ್ ಸಮೇತ ಕೊಡಿ. ಅಂಚು ಅಗಲವಾಗಿ ಬಿಡಿ, ಕೊನೆಯಲ್ಲಿ ಹತ್ತು ಖಾಲಿ ಪುಟ ಇಡಿ. ನನ್ನ ಕರಡಿನಲ್ಲಿ ಒಂದು ಸಾಲಿತ್ತು, "ಅಪ್ಪ ಬಲಗೈಯಲ್ಲಿ ಗರಗಸ ಹಿಡಿದು ಒಂದೇ ಉಸಿರಿಗೆ ಹಲಗೆ ಸೀಳುತ್ತಿದ್ದರು" ಅಂತ. ನಾನು ಅವರ ಕೆಲಸದ ಜಾಗಕ್ಕೆ ಹೋದದ್ದೇ ಕಮ್ಮಿ. ಮನೆಯಲ್ಲಿ ಅವರು ಬರೆಯುವುದು ಬಲಗೈಯಲ್ಲಿ, ಸೈನ್ಯದ ಫೋಟೋದಲ್ಲಿ ಕೋವಿ ಬಲಭುಜಕ್ಕೆ. ಅನುಮಾನ ಪಡಲು ಕಾರಣವೇ ಇರಲಿಲ್ಲ. ಅವರ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಹಿರಿಯರೊಬ್ಬರು ಕರಡು ವಾಪಸು ಕೊಟ್ಟಾಗ ಆ ಸಾಲಿನ ಪಕ್ಕ ದಪ್ಪ ಅಕ್ಷರದಲ್ಲಿ ಬರೆದಿದ್ದರು: "ಗರಗಸ ಎಡಗೈ. ಕೋವಿ, ಸಹಿ ಮಾತ್ರ ಬಲ. ಹಿಡಿ ನೋಡಿದ್ದರೆ ಗೊತ್ತಾಗ್ತಿತ್ತು."

ಆ ಪುಟವನ್ನು ಮತ್ತೆ ಟೈಪ್ ಮಾಡಿಸಲಿಲ್ಲ. ಪೆನ್ಸಿಲ್ ಗುರುತಿನ ಸಮೇತ ಬೈಂಡ್ ಮಾಡಿಸಿದೆ.